ಸಿಂಥೆಟಿಕ್ ಎಂಜಿನ್ ಆಯಿಲ್‌ಗೆ ದುಪ್ಪಟ್ಟು ದುಡ್ಡು ಕೊಡಬೇಕಾ? ಹಾಸನ–ಚಿಕ್ಕಮಗಳೂರು ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಯಿಲ್ ಅಂಗಡಿಯ ಕೌಂಟರಿನಲ್ಲಿ, ಗ್ಯಾರೇಜಿನ ಬೆಂಚಿನ ಮೇಲೆ ದಿನಾ ಕೇಳಿಬರುವ ಪ್ರಶ್ನೆಗಳಿವು. ಉತ್ತರ ಬರೆಯುವಾಗ ನಮ್ಮ ಎರಡು ಜಿಲ್ಲೆಗಳ ಘಾಟಿ, ಚಳಿ, ಮಳೆಗಾಲ, ತೋಟದ ಕೆಲಸ ಇಷ್ಟನ್ನೂ ಲೆಕ್ಕಕ್ಕೆ ಹಿಡಿದಿದ್ದೇವೆ. ಹಿಮ ಬೀಳುವ ಊರಿಗೆಂದು ಬರೆದ ಜಾಹೀರಾತು ಮೂಡಿಗೆರೆಯಲ್ಲಿ ಓದಿದರೆ ಅರ್ಧ ಮಾತು ನಮಗೆ ಸಂಬಂಧಪಟ್ಟಿದ್ದೇ ಆಗಿರುವುದಿಲ್ಲ.

ಸುತ್ತಿ ಬಳಸಿ ಬೇಡ. ಕೊಡಬೇಕಾ, ಬೇಡವಾ?

ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಚಕ್ರ) ಇರುವ ಗಾಡಿ, 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಡೀಸೆಲ್, ಘಾಟಿ ಹತ್ತಿ ಇಳಿಯುವುದೇ ಕಸುಬಾದ ಪಿಕಪ್, ವರ್ಷಕ್ಕೆ ಹದಿನೈದು ಸಾವಿರ ಕಿ.ಮೀ. ಮೀರಿ ಓಡುವ ಕಾರು: ಇವಕ್ಕೆ ಕೊಡಿ. ಸಂತೆಗೆ, ಸೊಸೈಟಿಗೆ, ಮಕ್ಕಳ ಶಾಲೆಗೆ ಓಡಾಡುವ 100 ಸಿಸಿ ಬೈಕು, ಹಳೇ ಜೀಪು, ಪಂಪ್‌ಸೆಟ್, ಟ್ರ್ಯಾಕ್ಟರ್: ಇವಕ್ಕೆ ಬೇಡ, ಸಾಮಾನ್ಯ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಿಸಿ. ಈ ಎರಡರ ನಡುವೆ ಬೀಳುವ ಗಾಡಿಗಳೇ ಜಾಸ್ತಿ. ಕೆಳಗಿನದೆಲ್ಲ ಅವುಗಳಿಗಾಗಿ.

ಸಿಂಥೆಟಿಕ್ ಅಂದರೆ ನಿಜಕ್ಕೂ ಏನು? ಅದೂ ನೆಲದಿಂದ ತೆಗೆದ ಎಣ್ಣೆಯೇ ಅಲ್ಲವಾ?

ಬಹುಪಾಲು ಹೌದು. ಎಂಜಿನ್ ಆಯಿಲ್‌ನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮೂಲ ಎಣ್ಣೆ, ಉಳಿದದ್ದು ಸೇರಿಸಿದ ರಾಸಾಯನಿಕಗಳು: ಮಸಿ ತೊಳೆಯುವುದು, ಸವೆತ ತಡೆಯುವುದು, ನೊರೆ ಬಾರದಂತೆ ನೋಡಿಕೊಳ್ಳುವುದು ಹೀಗೆ. ಮೂಲ ಎಣ್ಣೆಯನ್ನು ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಸಂಸ್ಥೆ ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೇ ಗುಂಪು ಕಚ್ಚಾತೈಲದಿಂದ ಶುದ್ಧ ಮಾಡಿದ ಖನಿಜ ಎಣ್ಣೆ. ಅಂಗಡಿಯವರು 'ಮಿನರಲ್' ಅನ್ನುವುದು ಇದನ್ನೇ. ಮೂರನೆಯದೂ ಕಚ್ಚಾತೈಲದ್ದೇ, ಆದರೆ ಭಾರೀ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಅದರ ಅಣುಗಳನ್ನೇ ಒಡೆದು ಜೋಡಿಸಿರುತ್ತಾರೆ. ನಾಲ್ಕನೆಯದು ಪಿಎಒ, ಎಥಿಲೀನ್ ಅನಿಲದಿಂದ ಶುರುಮಾಡಿ ಕಾರ್ಖಾನೆಯಲ್ಲಿ ಕಟ್ಟಿದ್ದು. ಐದರಲ್ಲಿ ಎಸ್ಟರ್ ಮುಂತಾದ ಉಳಿದವು.

ಮೊದಲು ನಾಲ್ಕು, ಐದನ್ನು ಮಾತ್ರ ಸಿಂಥೆಟಿಕ್ ಅನ್ನುತ್ತಿದ್ದರು. 1999ರಲ್ಲಿ ಅಮೆರಿಕದ ಜಾಹೀರಾತು ಮಂಡಳಿಯ ಮುಂದೆ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಜಗಳಕ್ಕೆ ನಿಂತವು. ಮೂರನೇ ಗುಂಪಿನ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಕರೆಯಬಹುದು ಅನ್ನುವ ಕಡೆಗೆ ತೀರ್ಮಾನವಾಯಿತು. ಇವತ್ತು 'ಫುಲ್ಲಿ ಸಿಂಥೆಟಿಕ್' ಎಂದು ಮಾರಾಟವಾಗುವ ಡಬ್ಬಗಳಲ್ಲಿ ಬಹಳಷ್ಟು ಮೂರನೇ ಗುಂಪಿನವೇ. ಇದು ಮೋಸವೇನಲ್ಲ, ಆ ಎಣ್ಣೆ ಒಳ್ಳೆಯದೇ. ಆದರೆ ಆ ಪದ ಒಂದೇ ನೋಡಿ ದುಪ್ಪಟ್ಟು ಕೊಡುವವರು ಇಷ್ಟು ತಿಳಿದಿದ್ದರೆ ಚೆನ್ನ.

ಸೆಮಿ ಸಿಂಥೆಟಿಕ್ ಅಂದರೆ ಎರಡರ ಬೆರಕೆ. ಯಾವುದು ಎಷ್ಟು ಪಾಲು ಎಂದು ಡಬ್ಬದ ಮೇಲೆ ಬರೆದಿರುವುದಿಲ್ಲ. 150ರಿಂದ 350 ಸಿಸಿ ಬೈಕಿಗೆ ಇದು ಸಾಕು.

20ಡಬ್ಲ್ಯು-40, 5ಡಬ್ಲ್ಯು-30: ಈ ಅಂಕಿ ಓದುವುದು ಹೇಗೆ?

ಮೊದಲನೇ ಅಂಕಿ ಚಳಿಯದ್ದು, ಎರಡನೆಯದು ಕಾವಿನದ್ದು. ಎರಡನೇ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ದಪ್ಪ ಉಳಿದಿದೆ ಅನ್ನುವುದನ್ನು ಹೇಳುತ್ತದೆ. 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಎಣ್ಣೆಯ ದಪ್ಪದ ಅಳತೆ), 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಮೊದಲನೆಯದು ಚಳಿಯಲ್ಲಿ ಎಂಜಿನ್ ತಿರುಗುವಷ್ಟು ತೆಳುವಾಗಿ ಇರುತ್ತದಾ ಎಂಬ ಪರೀಕ್ಷೆ: 20ಡಬ್ಲ್ಯುಗೆ ಮೈನಸ್ 15 ಡಿಗ್ರಿ, 15ಡಬ್ಲ್ಯುಗೆ ಮೈನಸ್ 20, 10ಡಬ್ಲ್ಯುಗೆ ಮೈನಸ್ 25, 5ಡಬ್ಲ್ಯುಗೆ ಮೈನಸ್ 30, 0ಡಬ್ಲ್ಯುಗೆ ಮೈನಸ್ 35.

ಅಂಕಿಗೂ ಸಿಂಥೆಟಿಕ್‌ಗೂ ನೇರ ನಂಟಿಲ್ಲ. 15ಡಬ್ಲ್ಯು-40 ಮಿನರಲ್ಲೂ ಸಿಗುತ್ತದೆ, ಸಿಂಥೆಟಿಕ್ಕೂ ಸಿಗುತ್ತದೆ. ಆದರೆ 0ಡಬ್ಲ್ಯುನಿಂದ ಶುರುವಾಗುವ ಆಯಿಲನ್ನು ಖನಿಜ ಎಣ್ಣೆಯಿಂದ ಮಾಡಲಾಗುವುದಿಲ್ಲ. ನಿಮ್ಮ ಹೊಸ ಪೆಟ್ರೋಲ್ ಕಾರಿನ ಕೈಪಿಡಿ 0ಡಬ್ಲ್ಯು-20 ಅಥವಾ 0ಡಬ್ಲ್ಯು-16 ಕೇಳಿದ್ದರೆ ಈ ಪುಟದ ಮುಖ್ಯ ಪ್ರಶ್ನೆಯೇ ನಿಮಗೆ ಇಲ್ಲ; ಸಿಂಥೆಟಿಕ್ ಹಾಕಲೇಬೇಕು.

ಚಿಕ್ಕಮಗಳೂರಿನ ಚಳಿಗೆ ಸಿಂಥೆಟಿಕ್ ಬೇಕೇ ಬೇಕು ಅನ್ನುತ್ತಾರಲ್ಲ?

ಮಾರುವವರು ಅನ್ನುತ್ತಾರೆ. ಡಿಸೆಂಬರ್, ಜನವರಿಯ ಬೆಳಗ್ಗೆ ಪಟ್ಟಣದಲ್ಲಿ 12–15 ಡಿಗ್ರಿ ಇರುತ್ತದೆ, ಗಿರಿಯ ಕಡೆ ಇನ್ನೂ ಸ್ವಲ್ಪ ಕಡಿಮೆ. ಮೇಲಿನ ಅಂಕಿಗಳನ್ನು ಮತ್ತೆ ನೋಡಿ: ಅತಿ ದಪ್ಪದ 20ಡಬ್ಲ್ಯು ಕೂಡ ಮೈನಸ್ 15 ಡಿಗ್ರಿಗೆ ಪಾಸಾದದ್ದು. ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ರಾತ್ರಿಯಿಡೀ ಹೊರಗೆ ನಿಂತ ಜೀಪು ಬೆಳಗ್ಗೆ ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ, ಗ್ಲೋ ಪ್ಲಗ್ ನೋಡಿ, ಆಯಿಲನ್ನು ಬೈಯಬೇಡಿ.

ಒಂದು ವ್ಯತ್ಯಾಸ ಮಾತ್ರ ಇದೆ. 10–12 ಡಿಗ್ರಿಯಲ್ಲಿ 20ಡಬ್ಲ್ಯು-40 ಆಯಿಲು 5ಡಬ್ಲ್ಯು-30ಕ್ಕಿಂತ ಎರಡು ಮೂರು ಪಟ್ಟು ದಪ್ಪ ಇರುತ್ತದೆ. ಮೇಲಿನ ಕ್ಯಾಮ್‌ಶಾಫ್ಟಿಗೆ ಏರಲು ಒಂದೆರಡು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಆ ಹೊತ್ತಿನ ಟ್ಯಾಪೆಟ್ ಸದ್ದು ಅದೇ. ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಕೊಡದೆ ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟರೆ ಕಾಸಿಲ್ಲದೆ ಅದಕ್ಕೆ ಪರಿಹಾರ ಸಿಕ್ಕಿತು.

ಹಾಗಾದರೆ ನಮ್ಮ ಕಡೆ ಸಿಂಥೆಟಿಕ್‌ನ ಲಾಭ ಎಲ್ಲಿ?

ಘಾಟಿಯಲ್ಲಿ. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಹತ್ತುವ ಪಿಕಪ್ ಅಂದುಕೊಳ್ಳಿ. ಹಿಂದೆ ಲೋಡು, ಮುಂದೆ ಟ್ಯಾಂಕರ್ ಲಾರಿಗಳ ಸಾಲು, ಎರಡನೇ ಗೇರು, ಆ್ಯಕ್ಸಿಲರೇಟರ್ ಒತ್ತಿಯೇ ಇದೆ, ಗಾಳಿ ಮಾತ್ರ ಇಲ್ಲ. ಚೇಂಬರಿನಲ್ಲಿ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯಲ್ಲಿ) ಸಾಮಾನ್ಯವಾಗಿ 90–100 ಡಿಗ್ರಿ ಇರುವ ಆಯಿಲು ಅದನ್ನು ದಾಟಿ ಮೇಲೇರುತ್ತದೆ. ಕಾವು 10 ಡಿಗ್ರಿ ಏರಿದರೆ ಆಯಿಲ್ ಆಮ್ಲಜನಕದ ಜೊತೆ ಸೇರಿ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿ ಅನ್ನುವುದು ಈ ಕ್ಷೇತ್ರದ ಹಳೇ ಲೆಕ್ಕ. ಬಾಣಲೆಯಲ್ಲಿ ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಅಂಟಂಟಾಗುವುದಿಲ್ಲವೇ, ಹಾಗೆ ಇದೂ ಗಟ್ಟಿಯಾಗಿ ಕೆಸರು ಕಟ್ಟುತ್ತದೆ. ಆ ಕೆಸರು ಚೇಂಬರಿನ ಜಾಲರಿಗೆ ಕೂತರೆ ಆಯಿಲ್ ಪಂಪಿಗೆ ಹೀರಲು ಸಿಗುವುದಿಲ್ಲ, ಬೇರಿಂಗ್ ಒಣಗುತ್ತದೆ.

ಮೂರು ಮತ್ತು ನಾಲ್ಕನೇ ಗುಂಪಿನ ಎಣ್ಣೆ ಈ ಕಾವನ್ನು ಹೆಚ್ಚು ಹೊತ್ತು ತಡೆಯುತ್ತದೆ, ಆವಿಯಾಗಿ ಹೋಗುವುದೂ ಕಡಿಮೆ. ಎಪಿಐ ಎಸ್‌ಪಿ ದರ್ಜೆಯ (ಪೆಟ್ರೋಲ್ ಎಂಜಿನ್ ಆಯಿಲಿನ ಒಂದು ಗುಣಮಟ್ಟ) ತೆಳು ಆಯಿಲು 250 ಡಿಗ್ರಿಯಲ್ಲಿ ಒಂದು ಗಂಟೆ ಕಾದಾಗ ನೂರಕ್ಕೆ 15ಕ್ಕಿಂತ ಹೆಚ್ಚು ಆವಿಯಾಗಬಾರದು. ಒಳ್ಳೆಯ ಸಿಂಥೆಟಿಕ್ ಅದಕ್ಕಿಂತ ಸಾಕಷ್ಟು ಕಡಿಮೆಯಲ್ಲೇ ನಿಲ್ಲುತ್ತದೆ.

ಟರ್ಬೊ ಇದ್ದರೆ ಮಾತು ಇನ್ನೂ ಗಂಭೀರ. ಟರ್ಬೊದ ಶಾಫ್ಟು ಆಯಿಲಿನ ತೆಳು ಪದರದ ಮೇಲೆ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ, ಅದರ ಒಂದು ತುದಿ ಹೊಗೆಯ ಕಾವಿನಲ್ಲೇ ಇರುತ್ತದೆ. ಚಾರ್ಮಾಡಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನೀರುದೋಸೆ ಕಂಡ ಕೂಡಲೇ ಗಾಡಿ ನಿಲ್ಲಿಸಿ ಕೀ ತಿರುಗಿಸುತ್ತಾರೆ. ಆಯಿಲ್ ಹರಿವು ಅಲ್ಲಿಗೆ ನಿಂತಿತು. ಟರ್ಬೊದೊಳಗೆ ಉಳಿದ ನಾಲ್ಕು ಹನಿ ಸುಟ್ಟು ಇದ್ದಿಲಿನಂತೆ ಹತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ಆಯಿಲ್ ಹೋಗುವ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಸಿಂಥೆಟಿಕ್ ಈ ಸುಡುವಿಕೆಯನ್ನು ತಗ್ಗಿಸುತ್ತದೆ, ಪೂರ್ತಿ ತಪ್ಪಿಸುವುದಿಲ್ಲ. ಯಾವ ಆಯಿಲ್ ಇದ್ದರೂ ಘಾಟಿ ಹತ್ತಿದ ಮೇಲೆ ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿ. ದೋಸೆ ಎಲ್ಲಿಗೂ ಓಡಿಹೋಗುವುದಿಲ್ಲ.

ದುಡ್ಡಿನ ಲೆಕ್ಕ ತೋರಿಸಿ.

ಬೆಲೆ ಊರಿಂದೂರಿಗೆ, ಬ್ರ್ಯಾಂಡಿಂದ ಬ್ರ್ಯಾಂಡಿಗೆ ಬೇರೆ. ಲೆಕ್ಕದ ಅನುಕೂಲಕ್ಕೆ ಮಿನರಲ್ ಲೀಟರಿಗೆ 400, ಸಿಂಥೆಟಿಕ್ 800 ರೂಪಾಯಿ ಅಂದುಕೊಳ್ಳೋಣ. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಮತ್ತೊಮ್ಮೆ ಮಾಡಿ ನೋಡಿ.

ಸಣ್ಣ ಕಾರು, ಮೂರೂವರೆ ಲೀಟರ್ ಹಿಡಿಯುತ್ತದೆ. ಎರಡನ್ನೂ 10,000 ಕಿ.ಮೀ.ಗೇ ಬದಲಿಸಿದರೆ ಮಿನರಲ್‌ಗೆ 1,400, ಸಿಂಥೆಟಿಕ್‌ಗೆ 2,800. ಹೆಚ್ಚಿಗೆ ಹೋದದ್ದು 1,400, ಅಂದರೆ ಕಿ.ಮೀ.ಗೆ 14 ಪೈಸೆ. ಪೆಟ್ರೋಲ್ 100 ರೂಪಾಯಿ, ಮೈಲೇಜ್ 15 ಎಂದಿಟ್ಟರೆ ಪೆಟ್ರೋಲಿಗೆ ಕಿ.ಮೀ.ಗೆ ಸುಮಾರು 6 ರೂ. 67 ಪೈಸೆ. ಆ 14 ಪೈಸೆ ಮೈಲೇಜಿನಿಂದಲೇ ವಾಪಸ್ ಬರಬೇಕಾದರೆ ನೂರಕ್ಕೆ ಎರಡರಷ್ಟು ಪೆಟ್ರೋಲ್ ಉಳಿಯಬೇಕು. ಒಂದೇ ಗ್ರೇಡಿನ (ಅಂದರೆ ಅದೇ 15ಡಬ್ಲ್ಯು-40ರಂಥ ಅಂಕಿಯ) ಮಿನರಲ್ ತೆಗೆದು ಸಿಂಥೆಟಿಕ್ ಹಾಕಿದರೆ ಅಷ್ಟು ಉಳಿಯುವುದಿಲ್ಲ. ದಪ್ಪದ್ದನ್ನು ಬಿಟ್ಟು ಕೈಪಿಡಿ ಹೇಳಿದ ತೆಳುವಿಗೆ ಬಂದಾಗ ನೂರಕ್ಕೆ ಒಂದೆರಡು ಪಾಲು ಉಳಿಯಬಹುದು. ಅದು ತೆಳುವಾದದ್ದರ ಲಾಭ. 'ಮೈಲೇಜ್ ಐದು ಕಿ.ಮೀ. ಜಾಸ್ತಿಯಾಯಿತು' ಅನ್ನುವವರ ಟೈರಿನ ಗಾಳಿ, ಏರ್ ಫಿಲ್ಟರ್ ಅದೇ ಸರ್ವೀಸಿನಲ್ಲಿ ಬದಲಾಗಿತ್ತೇ ಎಂದು ಕೇಳಿ.

ಇನ್ನೊಂದು ಬಗೆಯಲ್ಲಿ ನೋಡಿ. ಮಿನರಲನ್ನು 5,000ಕ್ಕೆ, ಸಿಂಥೆಟಿಕನ್ನು 10,000ಕ್ಕೆ ಬದಲಿಸುವವರಾದರೆ ಎರಡಕ್ಕೂ 2,800 ರೂಪಾಯಿಯೇ. ಮಿನರಲ್‌ಗೆ ಒಂದು ಫಿಲ್ಟರ್, ಒಂದು ಸಲದ ಕೂಲಿ, ಗ್ಯಾರೇಜಿನಲ್ಲಿ ಅರ್ಧ ದಿನ ಹೆಚ್ಚು. ಇಲ್ಲಿ ಸಿಂಥೆಟಿಕ್ಕೇ ಅಗ್ಗ. ಅದಕ್ಕೇ, ಸಿಂಥೆಟಿಕ್ ಹಾಕಿಸಿ ಮತ್ತೆ ಹಳೇ ರೂಢಿಯಂತೆ ಐದು ಸಾವಿರಕ್ಕೇ ಚೆಲ್ಲುವವರು ದುಡ್ಡನ್ನು ಮೋರಿಗೆ ಸುರಿದ ಹಾಗೆ.

ಅಂದಮೇಲೆ 15,000, 20,000 ಓಡಿಸಬಹುದಾ?

ಬೇಡ. ಕೈಪಿಡಿ ಹೇಳಿದ ಗಡಿಯೇ ಗಡಿ. ಡಬ್ಬದ ಮೇಲೆ ಬರೆದ ದೊಡ್ಡ ಅಂಕಿ ನಯವಾದ ಹೆದ್ದಾರಿಗೆ. ಘಾಟಿ, ಕಾಡುದಾರಿಯ ಧೂಳು, ಸಣ್ಣ ಸಣ್ಣ ಓಡಾಟ ಇವೆಲ್ಲ ಕೈಪಿಡಿಯಲ್ಲೇ 'ಕಠಿಣ ಬಳಕೆ' ಎಂಬ ಪಟ್ಟಿಯಲ್ಲಿ ಬರುತ್ತವೆ, ಅಲ್ಲಿ ಕಿ.ಮೀ. ಕಡಿಮೆಯೇ ಬರೆದಿರುತ್ತದೆ. ಕಿ.ಮೀ. ಮುಗಿಯದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ತೋಟದ ಜೀಪು ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡಿದರೆ ಹೆಚ್ಚು. 'ಕಡಿಮೆ ಓಡುತ್ತೆ, ಒಳ್ಳೇ ಆಯಿಲ್ ಹಾಕಿಬಿಡೋಣ' ಅಂತಿದ್ದೀವಿ.

ಲೆಕ್ಕ ಉಲ್ಟಾ ಆಯಿತು. ಸಿಂಥೆಟಿಕ್‌ಗೆ ಕೊಡುವ ದುಡ್ಡು ಅದು ಹೆಚ್ಚು ದೂರ ಬಾಳುವುದಕ್ಕೆ. ನಿಮ್ಮ ಜೀಪು ಆ ದೂರ ಓಡುವುದೇ ಇಲ್ಲ. ಬಂಗಲೆಯಿಂದ ಕಣಕ್ಕೆ, ಕಣದಿಂದ ಲೈನಿಗೆ ಎರಡು ಮೂರು ಕಿ.ಮೀ. ಓಡಿ ನಿಲ್ಲುವ ಎಂಜಿನ್ ಪೂರ್ತಿ ಕಾಯುವುದಿಲ್ಲ. ಇಂಧನ ಉರಿದಾಗ ಹುಟ್ಟುವ ನೀರಿನಾವಿ ಒಳಗೇ ತಣಿದು ಆಯಿಲಿಗೆ ಸೇರುತ್ತದೆ, ಜೊತೆಗೆ ಆಮ್ಲ. ಈ ಕೊಳೆ ಸಿಂಥೆಟಿಕ್ಕನ್ನೂ ಬಿಡುವುದಿಲ್ಲ. ಕೈಪಿಡಿ ಹೇಳಿದ ದರ್ಜೆಯ ಸಾಮಾನ್ಯ 15ಡಬ್ಲ್ಯು-40 ಹಾಕಿ, ಮಳೆಗಾಲ ಮುಗಿದು ಕೊಯ್ಲು ಶುರುವಾಗುವ ಮೊದಲು, ಅಂದರೆ ಅಕ್ಟೋಬರ್ ಹೊತ್ತಿಗೆ, ವರ್ಷಕ್ಕೊಮ್ಮೆ ಬದಲಿಸಿ. ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ರಸ್ತೆಗೆ ಬಿಟ್ಟು ಓಡಿಸಿ, ನೀರು ಆವಿಯಾಗಿ ಹೋಗಲಿ.

ಮಳೆಗಾಲದಲ್ಲಿ ಆಯಿಲ್ ಕ್ಯಾಪ್ ಬಿಚ್ಚಿದರೆ ಹಾಲಿನ ಕೆನೆಯಂಥದ್ದು ಅಂಟಿದೆ. ಎಂಜಿನ್ ಹೋಯಿತಾ?

ಬರೀ ಕ್ಯಾಪಿನ ಒಳಗಡೆ ಇದ್ದರೆ ಹೆದರಬೇಡಿ, ಮೇಲೆ ಹೇಳಿದ ಆವಿಯೇ ಅದು. ಕ್ಯಾಪು ಎಂಜಿನಿನ ತಣ್ಣನೆ ಜಾಗ. ಒರೆಸಿ, ಹಾಸನದ ಕಡೆಗೋ ಬೇಲೂರಿಗೋ ಒಂದು ಉದ್ದ ಓಟ ಕೊಟ್ಟು ಮತ್ತೆ ನೋಡಿ. ಆದರೆ ಡಿಪ್‌ಸ್ಟಿಕ್‌ನಲ್ಲೂ (ಆಯಿಲ್ ಮಟ್ಟ ನೋಡುವ ಕಡ್ಡಿ) ಕೆನೆ ಬಣ್ಣ ಕಂಡರೆ, ಕೂಲಂಟ್ ಡಬ್ಬಿ ಇಳಿಯುತ್ತಿದ್ದರೆ, ಸೈಲೆನ್ಸರಿನಲ್ಲಿ ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಒಡೆದಿರಬಹುದು. ಆಗ ಗಾಡಿ ಓಡಿಸಬಾರದು, ಎಳೆಸಿಕೊಂಡೇ ಹೋಗಬೇಕು. ಹಳ್ಳದ ನೀರಲ್ಲಿ ಮುಳುಗಿದ ಗಾಡಿಯಾದರೆ ಸ್ಟಾರ್ಟನ್ನೇ ಮಾಡಬೇಡಿ.

ಬಿಎಸ್6 ಡೀಸೆಲ್. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದೆ!

ತೋಟ, ಪೇಟೆ, ಮತ್ತೆ ತೋಟ ಎಂದು ಓಡುವ ಹೊಸ ಡೀಸೆಲ್ ಗಾಡಿಗಳಲ್ಲಿ ಇದು ಸಾಮಾನ್ಯ. ಕಾರಣ ಹೀಗೆ. ಈ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದು ತುಂಬಿದಾಗ ಗಾಡಿ ತಾನಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಮಸಿಯನ್ನು ಸುಡುತ್ತದೆ. ಹಲವು ಎಂಜಿನ್‌ಗಳಲ್ಲಿ ಆ ಡೀಸೆಲನ್ನು ಸಿಲಿಂಡರಿಗೇ ಬಿಡುವುದರಿಂದ ಸ್ವಲ್ಪ ಗೋಡೆಗುಂಟ ಜಾರಿ ಚೇಂಬರಿಗೆ ಇಳಿಯುತ್ತದೆ. ಸುಡುವ ಕೆಲಸ ಮುಗಿಯುವ ಮೊದಲೇ ನೀವು ಮನೆ ತಲುಪಿ ಆಫ್ ಮಾಡುತ್ತೀರಿ, ನಾಳೆ ಮತ್ತೆ ಮೊದಲಿಂದ. ಡಿಪ್‌ಸ್ಟಿಕ್ ತೆಗೆದು ಮೂಸಿ: ಡೀಸೆಲ್ ವಾಸನೆ ಹೊಡೆದರೆ, ಮಟ್ಟ ಮೇಲಿನ ಗೆರೆ ದಾಟಿದ್ದರೆ, ಕಿ.ಮೀ. ಎಷ್ಟೇ ಆಗಿರಲಿ ಆಯಿಲ್ ಬದಲಿಸಿ. ತೆಳುವಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ. ಮಟ್ಟ ತೀರಾ ಏರಿದರೆ ಎಂಜಿನ್ ಆ ಆಯಿಲನ್ನೇ ಹೀರಿ ಉರಿಸುತ್ತಾ ಕೀ ತೆಗೆದರೂ ನಿಲ್ಲದೆ ಕಿರುಚಿಕೊಳ್ಳುವ ಅಪಾಯವೂ ಉಂಟು.

ತಡೆಯುವ ದಾರಿ: ಹತ್ತು ಹದಿನೈದು ದಿನಕ್ಕೊಮ್ಮೆ ಹಾಸನ–ಚನ್ನರಾಯಪಟ್ಟಣ ಹೆದ್ದಾರಿಯಲ್ಲೋ ಕಡೂರು ರಸ್ತೆಯಲ್ಲೋ 60–80 ವೇಗದಲ್ಲಿ, 2,000 ಆರ್‌ಪಿಎಂ ಬಿಡದೆ, 20–25 ನಿಮಿಷ ಒಂದೇ ಸಮ ಓಡಿಸಿ. ಡಿಪಿಎಫ್ ದೀಪ ಹತ್ತಿದ್ದರೆ ಅದು ಆರುವ ತನಕ ನಿಲ್ಲಿಸಬೇಡಿ.

ಇಂಥ ಗಾಡಿಗೆ ಆಯಿಲಿನ ದರ್ಜೆ ತಪ್ಪಲೇಬಾರದು. ಕೈಪಿಡಿಯಲ್ಲಿ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2, ಸಿ3 ಎಂದೋ ಕಂಪನಿಯದೇ ಸಂಖ್ಯೆಯೋ ಇರುತ್ತದೆ. ಬೂದಿ ಕಡಿಮೆ ಬಿಡುವ ಆಯಿಲ್ ಎಂದು ಅರ್ಥ. ಟ್ರ್ಯಾಕ್ಟರಿಗೆಂದು ತಂದ ಸಿಐ-4 (ಹಳೇ ಡೀಸೆಲ್ ಎಂಜಿನ್‌ಗಳ ದರ್ಜೆ) ಡಬ್ಬದಿಂದ ಎರಡು ಲೀಟರ್ ಸುರಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂತುಬಿಡುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿಯನ್ನು ಮತ್ತೆ ಸುಡುವುದು ಹೇಗೆ? ಆ ಭಾಗದ ಬೆಲೆಯ ಮುಂದೆ ಹತ್ತು ವರ್ಷದ ಸಿಂಥೆಟಿಕ್ ಆಯಿಲಿನ ಖರ್ಚು ಸಣ್ಣದು.

ಬೈಕಿಗೆ ಕಾರಿನ ಸಿಂಥೆಟಿಕ್ ಹಾಕಬಹುದಾ? ಲೀಟರ್ ಉಳಿದಿದೆ.

ಹಾಕಬೇಡಿ. ನಮ್ಮ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಪ್ಲೇಟು ಮೂರೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ. ಕಾರಿನ ತೆಳು ಆಯಿಲಿಗೆ ಜಾರುವ ಗುಣ ಹೆಚ್ಚಿಸುವ ಮದ್ದು ಬೆರೆಸಿರುತ್ತಾರೆ. ಅದು ಕ್ಲಚ್ ಪ್ಲೇಟಿಗೆ ಕೂತರೆ ಕ್ಲಚ್ ಜಾರುತ್ತದೆ. ಏರು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಅದೇ. ಬೈಕಿನ ಡಬ್ಬದ ಮೇಲೆ ಜಾಸೋ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ಇರಬೇಕು. ಗೇರಿಲ್ಲದ ಸ್ಕೂಟರಿನ ಕ್ಲಚ್ ಆಯಿಲಿನ ಹೊರಗಿರುತ್ತದೆ, ಅದಕ್ಕೆ ಎಂಬಿ.

ಬೈಕಿನಲ್ಲಿ ಸಿಂಥೆಟಿಕ್‌ನ ಗುಣ ಕೈಗೆ, ಕಾಲಿಗೆ ತಿಳಿಯುವುದು ಗೇರಿನಲ್ಲಿ. 20ಡಬ್ಲ್ಯು-50ರಂಥ ಮಿನರಲ್ ಆಯಿಲು ಕಾವಿನಲ್ಲೂ ದಪ್ಪ ಉಳಿಯಲು ಅದರಲ್ಲಿ ಉದ್ದುದ್ದ ಪಾಲಿಮರ್ ಎಳೆಗಳಿರುತ್ತವೆ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಅವು ತುಂಡಾಗುತ್ತಾ ಹೋಗುತ್ತವೆ, ಆಯಿಲ್ ದಿನದಿನಕ್ಕೆ ತೆಳುವಾಗುತ್ತದೆ. ಎರಡು ಎರಡೂವರೆ ಸಾವಿರ ಕಿ.ಮೀ. ದಾಟಿದ ಮೇಲೆ ಗೇರ್ ಕಟಕ್ ಅನ್ನಲು ಶುರು, ನ್ಯೂಟ್ರಲ್ ಸಿಗದು. ಸಿಂಥೆಟಿಕ್‌ಗೆ ಆ ಎಳೆಗಳ ಆಸರೆ ಅಷ್ಟು ಬೇಡ, ಗೇರಿನ ಮೃದುತನ ಹೆಚ್ಚು ದಿನ ನಿಲ್ಲುತ್ತದೆ. 100–125 ಸಿಸಿಗೆ ಒಂದು ಲೀಟರಿನ ಒಳಗೇ ಹಿಡಿಯುವುದರಿಂದ ಆಸೆಯಿದ್ದವರು ಹಾಕಿಕೊಳ್ಳಬಹುದು. ಆದರೆ ಎಂಜಿನ್ ಆಯಸ್ಸಿಗೆ ಅದು ಅನಿವಾರ್ಯವಲ್ಲ. ಮುಳ್ಳಯ್ಯನಗಿರಿ ಕಡೆ ಇಬ್ಬರು ಕೂತು ದಿನಾ ಹತ್ತುವ ಗಾಳಿ ತಂಪಿನ ದೊಡ್ಡ ಬೈಕಿಗೆ ಹಾಕಿದರೆ ತಕ್ಕುದು.

ಆಯಿಲ್ ಹಾಕಿ ನಾಲ್ಕೇ ದಿನಕ್ಕೆ ಕಪ್ಪಾಯಿತು. ನಕಲಿಯೇ?

ಡೀಸೆಲ್ ಆದರೆ ಸಹಜ. ಮಸಿಯನ್ನು ತೊಳೆದು ತನ್ನಲ್ಲೇ ತೇಲಿಸಿ ಇಟ್ಟುಕೊಳ್ಳುವುದೇ ಆಯಿಲಿನ ಕೆಲಸ, ಕಪ್ಪಾಗಿದೆ ಅಂದರೆ ದುಡಿಯುತ್ತಿದೆ. ಬೆರಳಿಗೆ ಹಚ್ಚಿ ಉಜ್ಜಿ 'ಪವರ್ ಹೋಗಿದೆ' ಅನ್ನುವ ಪರೀಕ್ಷೆಗೆ ಅರ್ಥವಿಲ್ಲ. ಬೆರಳಿಗೆ ಹರಳು ಹರಳಾಗಿ ಸಿಕ್ಕರೆ ಮಾತ್ರ ಎಚ್ಚರ.

ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದರೆ ಲೀಕ್ ಆಗುತ್ತದೆ ಅನ್ನುವುದು ನಿಜವೇ?

ಅರ್ಧ ನಿಜ. ಮೊದಲ ಕಾಲದ ಸಿಂಥೆಟಿಕ್‌ಗಳಲ್ಲಿ ರಬ್ಬರ್ ಸೀಲಿನ ತೊಂದರೆ ಇತ್ತು, ಈಗಿನವುಗಳಲ್ಲಿ ಅದಿಲ್ಲ. ಆದರೆ ಒಂದೂವರೆ ಲಕ್ಷ ಕಿ.ಮೀ. ಓಡಿದ ಎಂಜಿನಿನಲ್ಲಿ ಒಣಗಿ ಬಿರುಕು ಬಿಟ್ಟ ಸೀಲಿನ ಸಂದಿಯನ್ನು ಹಳೇ ಕೆಸರೇ ಮುಚ್ಚಿರುತ್ತದೆ. ಹೊಸ ಆಯಿಲ್ ಅದನ್ನು ತೊಳೆದಾಗ ಸಂದಿ ಬಯಲಾಗುತ್ತದೆ. ಮೊದಲೇ ಇದ್ದ ತೂತು ಅದು. ಅಂಥ ಗಾಡಿಗೆ 15ಡಬ್ಲ್ಯು-40 ಮಿನರಲ್ಲೇ ಇರಲಿ. ಆಯಿಲ್ ಕುಡಿಯುವ ಎಂಜಿನ್‌ಗೆ ದುಬಾರಿ ಆಯಿಲ್ ಸುರಿಯುವುದರಲ್ಲಿ ಅರ್ಥವೂ ಇಲ್ಲ.

ಎಲ್ಲಿಂದ ಕುಡಿಯುತ್ತಿದೆ ಎಂದು ತಿಳಿಯಲು ಘಾಟಿಗಿಂತ ಒಳ್ಳೆಯ ಪರೀಕ್ಷೆ ಬೇಡ. ಪೆಟ್ರೋಲ್ ಗಾಡಿಯಲ್ಲಿ ಆ್ಯಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಚಾರ್ಮಾಡಿ ಇಳಿಯುವಾಗ ಸಿಲಿಂಡರಿನಲ್ಲಿ ಹೀರುವ ಎಳೆತ ಜಾಸ್ತಿ. ಇಳಿದು ಮುಗಿಸಿ ಆ್ಯಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆಯ ಮೋಡ ಎದ್ದರೆ ವಾಲ್ವ್ ಸೀಲ್ ಹೋಗಿದೆ. ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್. ಮೊದಲನೆಯದು ಕಡಿಮೆ ಖರ್ಚು, ಎರಡನೆಯದಕ್ಕೆ ಎಂಜಿನ್ ಬಿಚ್ಚಬೇಕು.

ಮಿನರಲ್ ಇರುವ ಎಂಜಿನ್‌ಗೆ ಸಿಂಥೆಟಿಕ್ ಟಾಪ್ ಅಪ್ ಮಾಡಿದರೆ ಮೊಸರಾಗುತ್ತದಾ?

ಆಗುವುದಿಲ್ಲ. ಎಪಿಐ ದರ್ಜೆ ಪಡೆದ ಎಂಜಿನ್ ಆಯಿಲ್‌ಗಳು ಒಂದರಲ್ಲೊಂದು ಬೆರೆಯಲೇಬೇಕು. ದಾರಿಯಲ್ಲಿ ಆಯಿಲ್ ಕಡಿಮೆಯಾದರೆ ಹತ್ತಿರ ಸಿಕ್ಕ ಸರಿಸುಮಾರು ಗ್ರೇಡಿನದ್ದನ್ನು ಹಾಕಿ ಊರು ಸೇರಿ. ಒಣ ಎಂಜಿನ್‌ಗಿಂತ ಬೆರಕೆ ಆಯಿಲ್ ಸಾವಿರ ಪಾಲು ಮೇಲು. ಬೆರಸಿದ ಮೇಲೆ ಕಿ.ಮೀ. ಲೆಕ್ಕವನ್ನು ಮಿನರಲ್‌ನದ್ದೇ ಹಿಡಿಯಿರಿ.

ಆಯಿಲಿಗೆ ಸೇರಿಸುವ ಸಣ್ಣ ಬಾಟಲಿಯ 'ಬೂಸ್ಟರ್'ಗಳು ಬೇಡವೇ ಬೇಡ.

ಮನೆಯಲ್ಲೇ ಬದಲಿಸುವುದಾದರೆ ಹೇಗೆ?

ಗಾಡಿ ಮಟ್ಟಸ ನೆಲದಲ್ಲಿರಲಿ. ತೋಟದ ಅಂಗಳ ಮಟ್ಟಸ ಕಂಡರೂ ಇಳಿಜಾರೇ ಇರುತ್ತದೆ, ಕಾಫಿ ಒಣಗಿಸುವ ಕಣ ಒಳ್ಳೆಯ ಜಾಗ (ಒಂದು ಹನಿ ಆಯಿಲ್ ಕೆಳಗೆ ಬೀಳಬಾರದು ಅಷ್ಟೇ, ಹಳೇ ಟಾರ್ಪಾಲು ಹಾಸಿ). ಎಂಜಿನ್ ಮೂರು ನಾಲ್ಕು ನಿಮಿಷ ಓಡಿಸಿ ಬೆಚ್ಚಗೆ ಮಾಡಿ. ಕುದಿಯುವಷ್ಟು ಬೇಡ, ಕೈ ಸುಡುತ್ತದೆ. ಕಾರನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಅಡಿಗೆ ಹೋಗಬಾರದು. ಸ್ಟ್ಯಾಂಡ್ ಬೇಕೇ ಬೇಕು. ಮೇಲಿನ ಕ್ಯಾಪ್ ತೆಗೆದು, ಕೆಳಗೆ ಬಾಂಡ್ಲಿ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ 10–15 ನಿಮಿಷ ಸೋರಲು ಬಿಡಿ. ಬೋಲ್ಟಿನ ವಾಷರ್ ಹೊಸದು ಹಾಕಿ. ಐದು ಹತ್ತು ರೂಪಾಯಿಯ ಅದನ್ನು ಉಳಿಸಲು ಹೋಗಿ ಬೋಲ್ಟನ್ನು ಹೆಚ್ಚು ಬಿಗಿದು ಅಲ್ಯುಮಿನಿಯಂ ಚೇಂಬರಿನ ಮರೆ (ಥ್ರೆಡ್) ಹೊಡೆಸಿಕೊಳ್ಳುವುದೇ ಮನೆ ಸರ್ವೀಸಿನ ದೊಡ್ಡ ಅನಾಹುತ. ಸ್ಪ್ಯಾನರಿಗೆ ಪೈಪ್ ಹಾಕಿ ಬಿಗಿಯಬೇಡಿ.

ಕ್ಯಾನಿನಂಥ ಫಿಲ್ಟರ್ ಆದರೆ ಹೊಸದರ ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಆಯಿಲ್ ಸವರಿ. ಹಳೇ ಉಂಗುರ ಎಂಜಿನ್‌ಗೇ ಅಂಟಿ ಉಳಿದಿದೆಯಾ ನೋಡಿ. ಎರಡು ಉಂಗುರ ಸೇರಿದರೆ ಸ್ಟಾರ್ಟ್ ಮಾಡಿದ ನಿಮಿಷದಲ್ಲಿ ಆಯಿಲೆಲ್ಲ ನೆಲದ ಮೇಲೆ. ಉಂಗುರ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಸ್ಪ್ಲೆಂಡರ್ ಜಾತಿಯ ಬೈಕಿಗೆ ಕಾಗದದ ಫಿಲ್ಟರ್ ಇಲ್ಲ, ತಿರುಗುವ ಬಟ್ಟಲು ಮತ್ತು ಜಾಲರಿ ಇವೆ. ಅವನ್ನು ತೊಳೆಯಲು ಸೈಡ್ ಕವರ್ ಬಿಚ್ಚಬೇಕು, ಆ ಕೆಲಸ ಗ್ಯಾರೇಜಿಗೇ ಬಿಡಿ.

ಕೈಪಿಡಿಯ ಅಳತೆಗಿಂತ ಕಾಲು ಲೀಟರ್ ಕಡಿಮೆ ಹಾಕಿ, ಒಂದು ನಿಮಿಷ ಓಡಿಸಿ, ಆಫ್ ಮಾಡಿ ಐದು ಹತ್ತು ನಿಮಿಷ ಕಾದು ನೋಡಿ ಉಳಿದದ್ದು ಸೇರಿಸಿ. ಬಹಳಷ್ಟು ಕಾರುಗಳ ಡಿಪ್‌ಸ್ಟಿಕ್‌ನಲ್ಲಿ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ಸುಮಾರು ಒಂದು ಲೀಟರ್ ಅಂತರ. ಬೈಕನ್ನು ನೆಟ್ಟಗೆ ನಿಲ್ಲಿಸಿ ಅಳೆಯಬೇಕು, ಸೈಡ್ ಸ್ಟ್ಯಾಂಡಿನಲ್ಲಲ್ಲ. ಹೀರೊ, ಹೋಂಡಾ ಬೈಕುಗಳಲ್ಲಿ ಡಿಪ್‌ಸ್ಟಿಕ್ ತಿರುಗಿಸದೆ ಸುಮ್ಮನೆ ಊರಿ ನೋಡುವ ಪದ್ಧತಿ. ತಿರುಗಿಸಿ ನೋಡಿದರೆ ಮಟ್ಟ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ನಕಲಿ ಡಬ್ಬ ಗುರುತಿಸುವುದು?

ಸೀಲಿನ ಉಂಗುರ, ಮುಚ್ಚಳದೊಳಗಿನ ಹಾಳೆ, ಡಬ್ಬದ ಮೇಲಿನ ಬ್ಯಾಚ್ ಸಂಖ್ಯೆ, ಕ್ಯೂಆರ್ ಕೋಡ್ ನೋಡಿ. ಅಂಟು ಲೇಬಲ್ ಮಾಸಿದ್ದರೆ, ಎಂಆರ್‌ಪಿಗಿಂತ ಅರ್ಧಕ್ಕೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಡ್ರಮ್ಮಿನಿಂದ ಅಳೆದು ಹಾಕುವ ಬಿಡಿ ಆಯಿಲಾದರೆ ಡ್ರಮ್ಮಿನ ಮೇಲಿನ ದರ್ಜೆ ಓದಿ ಹಾಕಿಸಿ. ಗ್ಯಾರೇಜಿನಲ್ಲಿ ಸೀಲ್ ನಿಮ್ಮೆದುರೇ ಒಡೆಯಲಿ. ಖಾಲಿ ಡಬ್ಬವನ್ನು ಚಾಕುವಿನಿಂದ ಸೀಳಿ ಬಿಡಿ. ಸೀಳದ ಡಬ್ಬಕ್ಕೆ ನಕಲಿ ಆಯಿಲ್ ಮತ್ತೆ ತುಂಬುವವರು ಇದ್ದಾರೆ.

ಕಳೆ ಕೊಚ್ಚುವ ಯಂತ್ರಕ್ಕೆ ಯಾವುದು?

ಮೊದಲು ಅದು ಎರಡು ಸ್ಟ್ರೋಕಿನದೋ ನಾಲ್ಕು ಸ್ಟ್ರೋಕಿನದೋ ನೋಡಿ. ನಾಲ್ಕಾದರೆ ಹಿಡಿಯುವುದೇ 100 ಮಿಲಿ ಆಸುಪಾಸು, ಸಾಮಾನ್ಯ 10ಡಬ್ಲ್ಯು-30 ಸಾಕು. ಆದರೆ ಅಷ್ಟೇ ಅಷ್ಟು ಆಯಿಲ್ ಬೇಗ ಕೊಳೆಯಾಗುವುದರಿಂದ 50 ಗಂಟೆಗೊಮ್ಮೆ ಬದಲಿಸಿ.

ಎರಡು ಸ್ಟ್ರೋಕಿನದಾದರೆ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದೆ. ನಾಲ್ಕು ಸ್ಟ್ರೋಕಿನ ಬೈಕಿನ ಆಯಿಲ್ ಅದಕ್ಕೆ ಬೆರೆಸಿದರೆ ಪ್ಲಗ್ ಕಟ್ಟಿ, ಸೈಲೆನ್ಸರ್ ಬಾಯಿ ಮುಚ್ಚಿಹೋಗುತ್ತದೆ. 2ಟಿ ಆಯಿಲನ್ನೇ ಬಳಸಿ: 50ಕ್ಕೆ 1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ, 25ಕ್ಕೆ 1 ಎಂದರೆ 40 ಮಿಲಿ. ಇಲ್ಲಿ ಮಾತ್ರ ನಾವು ಯೋಚಿಸದೆ ದುಬಾರಿಯದ್ದನ್ನೇ, ಜಾಸೋ ಎಫ್‌ಡಿ ದರ್ಜೆಯ ಸಿಂಥೆಟಿಕನ್ನೇ ಹೇಳುತ್ತೇವೆ. ಲೀಟರ್ ಪೆಟ್ರೋಲಿಗೆ ಹೆಚ್ಚಿಗೆ ಬೀಳುವುದು ಕೆಲವೇ ರೂಪಾಯಿ. ಎಫ್‌ಡಿ ಆಯಿಲಿಗೆ ಹೊಗೆ ಕಡಿಮೆ. ಯಂತ್ರ ಹೆಗಲಿಗೆ ಹಾಕಿಕೊಂಡ ಆಳು ಬೆಳಗ್ಗೆಯಿಂದ ಸಂಜೆಯ ತನಕ ಆ ಹೊಗೆಯಲ್ಲೇ ಉಸಿರಾಡುತ್ತಾನೆ.

ಹಳೇ ಆಯಿಲನ್ನು ಬೇಲಿ ಕಂಬಕ್ಕೆ ಬಳಿಯುತ್ತೇವೆ. ತಪ್ಪೇನು?

ಗೆದ್ದಲಿಗೆಂದು ಬಳಿದ ಆಯಿಲು ಮೊದಲ ಮಳೆಗೆ ಇಳಿದು ಮಣ್ಣು ಸೇರುತ್ತದೆ, ಅಲ್ಲಿಂದ ಹಳ್ಳ, ಹಳ್ಳದಿಂದ ಯಗಚಿಯೋ ಹೇಮಾವತಿಯೋ. ಬಳಸಿದ ಆಯಿಲಿನಲ್ಲಿ ಸವೆದ ಲೋಹದ ಪುಡಿ ಇರುತ್ತದೆ, ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಕ್ಯಾನ್ಸರ್ ತರಬಲ್ಲ ಪದಾರ್ಥಗಳೂ ಇರುತ್ತವೆ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಮುಚ್ಚಳ ಬಿಗಿಯಾದ ಕ್ಯಾನಿಗೆ ತುಂಬಿಟ್ಟು, ಹಳೇ ಆಯಿಲನ್ನು ಪರವಾನಗಿ ಇದ್ದವರಿಗೆ ಕೊಡುವ ಸರ್ವೀಸ್ ಸೆಂಟರ್ ಅಥವಾ ದೊಡ್ಡ ಗ್ಯಾರೇಜಿಗೆ ಒಪ್ಪಿಸಿ. ಕ್ಯಾನಿಗೆ ಕೂಲಂಟ್, ಬ್ರೇಕ್ ಆಯಿಲ್, ನೀರು ಬೆರೆಸಬೇಡಿ. ಬೆರೆಸಿದ್ದನ್ನು ಮತ್ತೆ ಶುದ್ಧ ಮಾಡುವುದು ಕಷ್ಟ, ಅವರೂ ತೆಗೆದುಕೊಳ್ಳುವುದಿಲ್ಲ.